ಪ್ಯಾಸೆಂಜರ್ ಗಾಡಿಯಲ್ಲಿ ಮಲ್ಟಿಕಾಸ್ಟ್

ಎರಡು ಸಾವಿರದ ದಶಕದ ನಡುವೆ ನಾನು ಮಾಲೂರು ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಕಾಲೇಜೊಂದರಲ್ಲಿ ಎಂ.ಟೆಕ್ ಓದುತ್ತಿದ್ದೆ. ನನ್ನ ಪ್ರಾಜೆಕ್ಟಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಕಾಫಿ ಕುಡಿದು ಲೋಟ ಕೆಳಗಿಟ್ಟಿರುತ್ತಿದ್ದರು. ವಿಷಯ ಮಾತ್ರ ಸರಳ. ಟವರ್ ಇಲ್ಲ, ತಂತಿ ಇಲ್ಲ. ಓಡಾಡುವ ಲ್ಯಾಪ್‌ಟಾಪ್‌ಗಳೇ ಒಂದರಿಂದ ಒಂದಕ್ಕೆ ಸಂದೇಶ ದಾಟಿಸಬೇಕು. ಅದೂ ಊರಿಗೆಲ್ಲ ಡಂಗುರ ಹೊಡೆಯದೆ, ಗುಂಪಿನವರಿಗಷ್ಟೇ. ಇದಕ್ಕೆ ಮಲ್ಟಿಕಾಸ್ಟ್ ಎನ್ನುತ್ತಾರೆ.

ಕಂಪ್ಯೂಟರಿನೊಳಗಿನ ಸಿಮ್ಯುಲೇಷನ್‌ನಲ್ಲಿ ಇದು ಸೊಗಸಾಗಿ ನಡೆಯುತ್ತಿತ್ತು. ಅಲ್ಲಿ ಒಂದೊಂದು ಲ್ಯಾಪ್‌ಟಾಪೂ ಒಂದು ಚುಕ್ಕಿ. ಚುಕ್ಕಿಗಳು ಗೊತ್ತುಗುರಿಯಿಲ್ಲದೆ ಅಲೆಯುತ್ತವೆ, ಸ್ವಲ್ಪ ನಿಲ್ಲುತ್ತವೆ, ಮತ್ತೆ ಅಲೆಯುತ್ತವೆ. ಅವಕ್ಕೆ ಹಸಿವಿಲ್ಲ, ಟ್ರೈನ್ ಪಾಸಿಲ್ಲ. ದೊಡ್ಡ ದೊಡ್ಡ ಪಂಡಿತರು ಮನುಷ್ಯ ಹೀಗೇ ತಿರುಗುತ್ತಾನೆಂದು ಬರೆದಿದ್ದರು. ನಾನೂ ನಂಬಿದ್ದೆ.

ವೈವಾ ದಿನ ಬೆಂಗಳೂರಿನಿಂದ ಬಂದ ಪರೀಕ್ಷಕರು ನಂಬಲಿಲ್ಲ. "ಪರದೆ ಮೇಲೆ ಯಾರು ಬೇಕಾದ್ರೂ ಕುಣಿಸ್ತಾರೆ. ಮೈದಾನದಲ್ಲಿ ತೋರ್ಸಿ" ಎಂದರು. ತೋರಿಸದಿದ್ದರೆ ಇನ್ನೊಂದು ಸೆಮಿಸ್ಟರ್, ದಿನಾ ಅದೇ ಗೈಡಿನ ಮುಖ. 

ನಾಲ್ವರು ಗೆಳೆಯರ ಕೈಗೆ ಲ್ಯಾಪ್‌ಟಾಪ್ ಕೊಟ್ಟು, "ಮನಸ್ಸು ಬಂದ ಕಡೆ ಓಡಾಡ್ರೋ" ಎಂದೆ. ನಾಲ್ವರ ಮನಸ್ಸೂ ಹೋದದ್ದು ಗೇಟಿನಾಚೆಯ ಬೋಂಡಾ ಅಂಗಡಿಗೆ. ಮೈದಾನದ ನಡುವೆ ನಿಂತ ನನ್ನಿಂದ ಅಷ್ಟು ದೂರಕ್ಕೆ ಒಂದು ಅಕ್ಷರವೂ ದಾಟಲಿಲ್ಲ. ಓಡಿಹೋಗಿ ಬೈದರೆ, ಅವರಲ್ಲೊಬ್ಬ, ಆಂಧ್ರದ ಗಡಿಯ ರಾಯಲ್ಪಾಡಿನವನು, "ಏಮಿರಾ, ಮನಸ್ಸು ಬಂದ್ ಕಡೆ ಅಂತ ನೀನೇ ಹೇಳ್ದಲ್ಲೋ" ಎಂದ, ಬಾಯಲ್ಲಿ ಬೋಂಡಾ ಇಟ್ಟುಕೊಂಡೇ. ಅಷ್ಟರಲ್ಲಿ ನಾವು ದಿನಾ ಹಿಡಿಯುವ ಸಂಜೆಯ ಬೆಂಗಳೂರು ಗಾಡಿಯ ಹೊತ್ತಾಯಿತು. ನನ್ನ ಇಡೀ ನೆಟ್‌ವರ್ಕ್ ಸ್ಟೇಷನ್ನಿನ ಕಡೆ ಓಡಿತು. ಪರೀಕ್ಷಕರಿಗೂ ಅದೇ ಗಾಡಿ. "ಫಲಿತಾಂಶ ಆಮೇಲೆ ಕಳಿಸ್ತೀನಿ" ಎಂದು ನನ್ನ ಮುಖ ನೋಡದೆ ಹೊರಟರು.

ನಾನೂ ಓಡಿ ಹತ್ತಿದೆ. ಹೇಗೋ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅತ್ತಿತ್ತ ನೋಡಿದರೆ ಮೂವರು ಗೆಳೆಯರು ನನ್ನ ಗೋಳು ಮರೆತು ಲ್ಯಾಪ್‌ಟಾಪ್‌ನಲ್ಲಿ ಇಸ್ಪೀಟು ಆಡುತ್ತಿದ್ದರು. ರೇಗಿಹೋಯಿತು. ಲ್ಯಾಪ್‌ಟಾಪ್ ತೆರೆದು ಗುಂಪಿಗೆ ಒಂದು ಸಾಲು ಕಳಿಸಿದೆ: "ಕತ್ತೆಗಳಾ, ಬೋಂಡಾಕ್ಕೆ ನನ್ನ ಡಿಗ್ರಿ ಮಾರಿದ್ರಲ್ಲೋ."

ನಾಲ್ವರಿಗೂ ತಲುಪಿತು. ರಾಯಲ್ಪಾಡಿನವನು ಪಕ್ಕದ ಬೋಗಿಯಲ್ಲಿದ್ದ. ನಮ್ಮ ಬೋಗಿಯ ಬಾಗಿಲ ಬಳಿ ಕೂತಿದ್ದವನ ಲ್ಯಾಪ್‌ಟಾಪ್ ಸಂದೇಶವನ್ನು ಅವನಿಗೆ ದಾಟಿಸಿತ್ತು. ರಾಯಲ್ಪಾಡಿನವನ ಮಗ್ಗುಲಲ್ಲೇ ಕೂತಿದ್ದ ಪರೀಕ್ಷಕರು ಅದನ್ನು ಓದಿಬಿಟ್ಟರು.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಮ್ಮ ಬೋಗಿಗೇ ಬಂದರು. "ಆ ಬೈಗುಳ ನಿಮ್ಮದಾ?"

"ಹೌದು ಸರ್." ಮುಗಿಯಿತು ಕಥೆ ಅಂದುಕೊಂಡೆ.

"ಮೈದಾನದಲ್ಲಿ ಹೋಗದೇ ಇದ್ದದ್ದು ಇಲ್ಲಿ ಹೆಂಗೆ ಹೋಯ್ತು?"

"ನಮ್ಮಲ್ಲಿ ಯಾರೂ ಸುಮ್ಸುಮ್ನೆ ಅಲೆಯಲ್ಲ ಸರ್. ಹೋದ್ರೆ ಗುಂಪಾಗಿ ಹೋಗ್ತೀವಿ. ಅಲ್ಲಿ ಅವರೆಲ್ಲ ಬೋಂಡಾಕ್ಕೆ ಹೋದ್ರು, ನಾನೊಬ್ನೇ ಹಿಂದೆ ಉಳಿದೆ. ಇಲ್ಲಿ ನಾನೂ ಜೊತೇಲಿದೀನಿ."

"ಇದು ಥೀಸಿಸ್‌ನಲ್ಲಿ ಎಲ್ಲೂ ಇಲ್ಲವಲ್ರೀ. ಒಂದು ಅಧ್ಯಾಯ ಬರೆದು ಸೇರಿಸಿ, ಪಾಸ್ ಮಾಡ್ತೀನಿ" ಎಂದರು.

ಕಾಲಿಗೆ ಬೀಳೋಣವೆಂದರೆ ಬೋಗಿಯಲ್ಲಿ ಬಗ್ಗುವಷ್ಟು ಜಾಗವಿರಲಿಲ್ಲ.