ಬಂಗುಡೆ ಪೆಟ್ಟಿಗೆಯ ನೀರು

ತಪ್ಪು ನನ್ನದೇ. ಮರಳುಗಾಡಿಗೆ ಹೊರಡುವ ಮುನ್ನ, ತಂಪಾಗಿರಲಿ ಎಂದು ಎಲ್ಲರ ಕುಡಿಯುವ ನೀರನ್ನೂ ನಮ್ಮ ರೂಮಿನ ಐಸ್ ಪೆಟ್ಟಿಗೆಗೆ ಸುರಿದವನು ನಾನು. ದುಬೈನ ದೇರಾ ಮಾರ್ಕೆಟ್ಟಿನಿಂದ ವಾರವಾರ ಬಂಗುಡೆ ಮೀನು ಬರುವುದೂ ಅದರಲ್ಲೇ. ಸಾಬೂನು ಹಾಕಿ ತಿಕ್ಕಿದ್ದೆ, ನನ್ನ ಮೂಗು ಅದನ್ನು ಪಾಸು ಮಾಡಿತ್ತು.

ದುಬೈ ಬಿಟ್ಟು ಬಹಳ ದೂರ ಬಂದಿದ್ದೆವು. ಸುತ್ತ ಬರೀ ಮರಳು, ಅಂಗಡಿಯ ಸುಳಿವಿಲ್ಲ. ನಮ್ಮ ಜೊತೆಗಿದ್ದ ಮಂಗಳೂರಿನ ನರ್ಸ್ ಫೆಲ್ಸಿ ಅಕ್ಕನ ಧ್ವನಿಯನ್ನೇ ಅನುಕರಿಸಿ, "ಕುಡೀರಿ, ಕುಡೀರಿ, ಬಾಯಾರುವ ಮೊದಲೇ ಕುಡೀಬೇಕು" ಎಂದು ಲೋಟ ಹಂಚಿದೆ. ಅವರ ಪುಟ್ಟ ಮಗಳು ಮೊದಲ ಗುಟುಕನ್ನೇ ಉಗುಳಿದಳು.

"ಮಮ್ಮಾ, ಫಿಶ್ ಸ್ಮೆಲ್!"

ಲೋಟಗಳೆಲ್ಲ ಕೆಳಗಿಳಿದವು. ಬಾಯಾರಿದ ಮಗು ಅಳತೊಡಗಿತು. ಫೆಲ್ಸಿ ಅಕ್ಕ ತಮ್ಮ ಕಾರಿನ ಡಿಕ್ಕಿ ತೆರೆದರು. ಒಳಗೆ ಒದ್ದೆ ಗೋಣಿ ಸುತ್ತಿದ, ಸೀಲ್ ಒಡೆಯದ ದೊಡ್ಡ ನೀರಿನ ಕ್ಯಾನು!

"ಅಂದರೆ ನನ್ನ ಮೇಲೆ ನಂಬಿಕೆಯೇ ಇರಲಿಲ್ವಾ ಅಕ್ಕ?" ಎಂದೆ.

ಮಗಳಿಗೆ ನೀರು ಕುಡಿಸುತ್ತಲೇ ಅಕ್ಕ ಹೇಳಿದರು: "ಪೂರ್ತಿ ನಂಬಿಕೆ ಉಂಟು ಮಾರಾಯಾ. ಅದಕ್ಕೇ ನೀರು ನಾನೂ ತಂದದ್ದು."