ಬಾಗಿಲ ದೇವದಾನಪ್ಪ
ಜಾಲಹಳ್ಳಿಯ ನಮ್ಮ ಸಣ್ಣ ಚರ್ಚಿನ ಬಾಗಿಲಲ್ಲಿ ಸಭೆಯ ಹಿರಿಯರಾದ ದೇವದಾನಪ್ಪನವರು ನಿಂತರೆಂದರೆ ನ್ಯಾಯತೀರ್ಪಿನ ದಿನವೇ ಬಂದು ನಿಂತ ಹಾಗೆ. ಮೊದಲ ಗೀತೆ ಶುರುವಾಯಿತೋ, ಬಾಗಿಲು ಹಾಕಿಯೇ ಬಿಡುತ್ತಾರೆ. ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿ ಓಡೋಡಿ ಬಂದ ಎಸ್ತರ್, “ಅಂಕಲ್, ಬಸ್ಸೇ ಸಿಗ್ಲಿಲ್ಲ” ಅಂದರೂ ಅಷ್ಟೇ: “ದೇವರು ನ್ಯಾಯಾಧಿಪತಿ ಕಣಮ್ಮ. ಲೇಟ್ ಅಂದ್ರೆ ಲೇಟೇ.” ಒಳಗಿನ ಹಾಡು ಕನಸಿನಲ್ಲಿ ಕೇಳಿದಂತೆ ತೇಲಿ ಬರುತ್ತಿರುತ್ತದೆ. ಅವಳು ನಿದ್ದೆಗಣ್ಣಲ್ಲೇ ಗೋಡೆ ಹಿಡಿದು ಹಿಂದಕ್ಕೆ ಹೋದರೆ, ಅಲ್ಲಿನ ಪುಟ್ಟ ಬಾಗಿಲು ಪ್ರತಿ ಭಾನುವಾರದಂತೆ ಅರ್ಧ ತೆರೆದೇ ಇರುತ್ತದೆ. ಗಾಳಿಗೆ ಮುಚ್ಚಿಕೊಳ್ಳದಿರಲೆಂದು ಅದಕ್ಕೆ ಅಡ್ಡವಾಗಿ ಒಂದು ಹಳೇ ಚಪ್ಪಲಿ. ಯಾರಿಟ್ಟರೆಂದು ಯಾರೂ ಕೇಳುವುದಿಲ್ಲ. ಆರಾಧನೆ ಮುಗಿದು ಎಲ್ಲರೂ ಹೊರಡುವವರೆಗೆ ದೇವದಾನಪ್ಪನವರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಆಕಾಶ ನೋಡುತ್ತ ನಿಂತಿರುತ್ತಾರೆ.