ಮೂರನೇ ಬೇಸಿನ ಪಕ್ಕ ನಿಂತವಳು

ಕಾಲೇಜಿನ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಮೂವರು ಕೋಚ್‌ಗಳು. ದೊಡ್ಡವರು ಸೀಟಿ ಸರ್. ಬಾಯಲ್ಲಿ ಸೀಟಿ ಇಲ್ಲದಿದ್ದರೆ ಮಾತೇ ಹೊರಡುವುದಿಲ್ಲ ಎಂದು ಹುಡುಗಿಯರು ಇಟ್ಟ ಹೆಸರು. ಅವರು ಮೊದಲು ಆಡುತ್ತಿದ್ದುದು ಹಾಕಿ. ಕಾಲೇಜಿನ ಆಡಳಿತದಲ್ಲಿ ಭಾವ ಇದ್ದರು, ಹಾಗಾಗಿ ಕೆಲಸ ಮೊದಲು ಸಿಕ್ಕಿತು, ಆಟದ ನಿಯಮ ಆಮೇಲೆ ಕಲಿತರು. ಎರಡನೆಯವನು ಅವರ ಅಕ್ಕನ ಮಗ, ಚೆಂಡೆಸೆಯುವುದನ್ನು ಕಲಿಸುತ್ತಾನೆ. ಜಿಮ್ಮಿನ ಕನ್ನಡಿ ಮುಂದೆ ಬೆಳೆಸಿದ ತೋಳು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನೋಣವೆಂದರೆ ಇಲ್ಲಿ ಹೂವೂ ಅಷ್ಟಕ್ಕಷ್ಟೇ. ಮೂರನೆಯವಳು ನನ್ನ ಅಕ್ಕ. ಮೂವರಲ್ಲಿ ಈ ಆಟ ಆಡಿದ್ದವಳು ಅವಳೊಬ್ಬಳೇ.

ಅಕ್ಕ ಇದೇ ತಂಡದಲ್ಲಿದ್ದವಳು. ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಕೊನೆಯ ವರ್ಷದ ಫೈನಲ್‌ನಲ್ಲಿ, ಮಂಡಿ ಊದಿದ್ದು ಗೊತ್ತಿದ್ದೂ, ಸೀಟಿ ಸರ್ ಓಡು ಎಂದು ಕೈ ಬೀಸಿದರು. ಓಡಿದಳು. ತಂಡ ಗೆದ್ದಿತು. ಎಲ್ಲರೂ ಕಪ್ ಹಿಡಿದು ಫೋಟೋ ತೆಗೆಸಿಕೊಳ್ಳುವಾಗ ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು. ಆ ಮಂಡಿ ಮತ್ತೆ ಸರಿಯಾಗಿ ಮಡಚಲು ಬರಲೇ ಇಲ್ಲ. ಕೆಲವು ವರ್ಷಗಳಾದ ಮೇಲೆ ಸೀಟಿ ಸರ್ ಅವಳನ್ನು ಕರೆದು ಸಹಾಯಕಿಯ ಕೆಲಸ ಕೊಟ್ಟರು. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು, ಇವತ್ತಿಗೂ ಉರಿಯುತ್ತದೆ.

ಅವಳ ಕೆಲಸ ಮೂರನೇ ಬೇಸಿನ ಪಕ್ಕ ನಿಲ್ಲುವುದು. ಚೆಂಡು ಹೊಡೆದವಳು ಮೈದಾನದ ಮೂಲೆಗಳಲ್ಲಿರುವ ಮೂರು ಬೇಸುಗಳನ್ನು ಒಂದೊಂದಾಗಿ ದಾಟಿ, ಹೊರಟ ಜಾಗವಾದ ಹೋಮ್ ಮುಟ್ಟಿದರೆ ಒಂದು ರನ್. ಓಡಿ ಬರುವವಳಿಗೆ ಬೆನ್ನ ಹಿಂದಿನ ಚೆಂಡು ಕಾಣುವುದಿಲ್ಲ. ಅಕ್ಕ ಕೈ ಬೀಸಿದರೆ ಅವಳು ಹೋಮ್ ಮುಟ್ಟುವ ತನಕ ಓಡಬೇಕು, ಅಂಗೈಗಳನ್ನು ಎತ್ತಿ ಹಿಡಿದರೆ ನಿಲ್ಲಬೇಕು. ರನ್ ಬಂದರೆ ಅದು ಓಡಿದವಳ ಕಾಲಿನ ಪುಣ್ಯ, ಔಟಾದರೆ ಅಕ್ಕನ ಕೈಯ ಪಾಪ.

ಹೋದ ವರ್ಷ ಮತ್ತೆ ಫೈನಲ್. ತಂಡದ ಅಂಗಿಗಳನ್ನು ಹೊಲಿಯುವವಳು ನಾನೇ, ಹಾಗಾಗಿ ನೋಡಲು ಹೋಗಿದ್ದೆ. ವಿದ್ಯುತ್ ಕಂಪನಿಯ ತಂಡದವರು ಆಟಗಾರ್ತಿಯರನ್ನು ಆರಿಸಲು ಬಂದಿದ್ದರು. ಆಯ್ಕೆಯಾದರೆ ತಿಂಗಳ ಸಂಬಳದ ಕಾಯಂ ಕೆಲಸ, ಆದರೆ ಗೆದ್ದ ತಂಡದವರಿಗೆ ಮಾತ್ರ. ನಮ್ಮ ತಂಡದಲ್ಲಿ ಒಬ್ಬಳು ಹುಡುಗಿ, ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುತ್ತಿದ್ದಳು. ಕಂಪನಿಯ ಆ ಕೆಲಸದ ಮೇಲೆ ತಾಯಿ ಮಗಳು ಇಬ್ಬರೂ ಜೀವ ಇಟ್ಟುಕೊಂಡಿದ್ದರು. ಪಂದ್ಯದ ದಿನ ಬೆಳಿಗ್ಗೆ ಬಸ್ಸಿನ ಮೆಟ್ಟಿಲನ್ನು ಹುಡುಗಿ ಒಂದು ಮಂಡಿ ಮಡಚದೆ, ಒಂದೇ ಕಾಲು ಮುಂದಿಟ್ಟು ಹತ್ತಿದ್ದನ್ನು ಅಕ್ಕ ನೋಡಿದ್ದಳು. ಕೇಳಿದರೆ, ಏನೂ ಆಗಿಲ್ಲ ಎಂದು ನಕ್ಕಿದ್ದಳಂತೆ.

ಕೊನೆಯ ಸುತ್ತಿನಲ್ಲಿ ಎರಡೂ ತಂಡ ಸಮಸಮ. ಇನ್ನೊಂದು ರನ್ ಬಂದರೆ ಗೆಲುವು ನಮ್ಮದು. ನಮ್ಮವಳೊಬ್ಬಳು ಹೊಡೆದ ಚೆಂಡು ದೂರ ಹೋಯಿತು, ಆ ಹುಡುಗಿ ಎರಡನೇ ಬೇಸಿನಿಂದ ಹಲ್ಲು ಕಚ್ಚಿ ಓಡಿ ಬಂದಳು. ಅಕ್ಕ ಅಂಗೈಗಳನ್ನು ಎತ್ತಿ ಹಿಡಿದಳು. ಹುಡುಗಿ ನಿಂತಳು. ಅಷ್ಟರಲ್ಲಿ ಎದುರಾಳಿಯ ಕೈಯಿಂದ ಚೆಂಡು ಜಾರಿ ಬೇಲಿಯ ತನಕ ಉರುಳಿತು. ಕುಂಟಿಕೊಂಡು ಹೋಗಿದ್ದರೂ ಹೋಮ್ ಮುಟ್ಟಬಹುದಿತ್ತು. ಗ್ಯಾಲರಿಯಲ್ಲಿದ್ದವರೆಲ್ಲ ಓಡು ಓಡು ಎಂದು ಕೂಗಿದರು. ಅಕ್ಕ ಕೈ ಇಳಿಸಲೇ ಇಲ್ಲ.

ಮುಂದಿನವಳು ಔಟಾದಳು. ಹೆಚ್ಚುವರಿ ಸುತ್ತಿನಲ್ಲಿ ನಾವು ಸೋತೆವು. ತಾವು ಓಡಿಸಲು ಹೇಳಿದ್ದರೂ ಇವಳೇ ಕೇಳಲಿಲ್ಲ ಎಂದು ಸೀಟಿ ಸರ್ ಎಲ್ಲರೆದುರು ಕೈ ತೊಳೆದುಕೊಂಡರು. ಅವರ ಮಾತನ್ನು ನಾನು ಕಸಕ್ಕಿಂತ ಕಡೆಯಾಗಿ ನೋಡುತ್ತೇನೆ. ಆದರೆ ಮರುದಿನ ಡಾಕ್ಟರು ಹುಡುಗಿಯ ಮಂಡಿ ನೋಡಿ ಬರೀ ಊತ, ಒಳಗೆ ಏನೂ ಹರಿದಿಲ್ಲ ಅಂದರು.

ಅಕ್ಕ ನನ್ನ ಜೊತೆ ಕುಳಿತಿದ್ದಾಗ ಅಂಗಿ ವಾಪಸು ಕೊಡಲು ಹುಡುಗಿ ನಮ್ಮ ಹೊಲಿಗೆ ಕೋಣೆಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ.

"ಮಂಡಿ ನಂದು, ಮೇಡಂ. ನಿಮ್ಮ ಕಾಲು ಹೋಯ್ತು ಅಂತ ನನ್ನ ಯಾಕೆ ನಿಲ್ಲಿಸಿದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದಳು. ಬೈಯಲು ನನ್ನಲ್ಲೂ ಏನಿತ್ತು? ಹುಡುಗಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಈಗ ಅವಳು ತಾಯಿಯ ಜೊತೆ ಅದೇ ಒಗೆಯುವ ಕೋಣೆಯಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಾಳೆ. ಅಕ್ಕ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದಾಳೆ.

ಅಕ್ಕನನ್ನು ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆವು. ತೆಗೆಯಲಿಲ್ಲ. ಅಷ್ಟು ಕಡಿಮೆ ಸಂಬಳಕ್ಕೆ ಇನ್ಯಾರು ಬಂದಾರು? ಈ ವರ್ಷದ ಮೊದಲ ಪಂದ್ಯ ನಿನ್ನೆ ಇತ್ತು. ನಾನು ಹೋಗಿರಲಿಲ್ಲ. ಹೊಸಬಳೊಬ್ಬಳು ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡಿದಳಂತೆ, ಅಕ್ಕ ಕೈ ಬೀಸಿದಳಂತೆ, ನಾವು ಗೆದ್ದೆವಂತೆ. ಇದನ್ನೆಲ್ಲ ಬಟ್ಟೆ ಕೊಡಲು ಬಂದವರು ಹೇಳಿದರು. ಸಂಜೆ ಅಕ್ಕ ಬಂದು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕುಳಿತಳು.

"ಸೀಟಿ ಸರ್ ಬೆನ್ನು ತಟ್ಟಿದ್ರು," ಅಂದಳು.

ಆ ಹೊಸಬಳ ಕಾಲು ಹೇಗಿದೆ ಎಂದು ಕೇಳಿದೆ.

"ಗೊತ್ತಿಲ್ಲ ಕಣೇ. ನಾನು ಬರೀ ಚೆಂಡು ನೋಡ್ದೆ. ಕಾಲು ನೋಡ್ಲಿಲ್ಲ."